ಹೊಸ ಗಾಡಿ ಗುಂಯ್ ಅಂತೈತಿ ಅಂತ ಬೇರಿಂಗ್ ಬಿಚ್ಚಸಬ್ಯಾಡ್ರಿ, ಮೊದಲ ಜಾಬ್ ಕಾರ್ಡ್ ತಗದ ನೋಡ್ರಿ

ಹಾವೇರಿ ಸರ, ನೀವು ನಿನ್ನೆ ಗುಂಪಿನ್ಯಾಗ ಹಾಕಿದ್ದು ಪೂರ್ತಿ ಓದಿದೆ. 2,800 ಕಿ.ಮೀ. ಓಡಿದ ಹೊಸ ಗಾಡಿ, 60 ದಾಟಿದ ಕೂಡ್ಲೆ ಗುಂಯ್ ಅಂತ ಸಪ್ಪಳ. ಸರ್ವಿಸ್‌ನವರು "ಹೊಸಾದು ಐತ್ರಿ, ಓಡಿದಂಗ ಓಡಿದಂಗ ಹೋಗತೈತಿ" ಅಂದ್ರು, ನೀವು ಜಾಬ್ ಕಾರ್ಡಿಗೆ (ಸರ್ವಿಸ್ ಸೆಂಟರಿನ್ಯಾಗ ನಿಮ್ಮ ದೂರು ಬರಕೊಳ್ಳೂ ಕಾಗದ) ಸಹಿ ಹೊಡದು ಗಾಡಿ ತಂದ್ರಿ. ಈಗ ಓಣ್ಯಾಗಿನ ಮಿಸ್ತ್ರಿ ಕಡೆ ಎಡಗಡಿ ಮುಂದಿನ ಗಾಲಿ ಬೇರಿಂಗ್ ಬಿಚ್ಚಸಿ, ಜೊತಿಗೆ ದಪ್ಪನ್ನ ಗೇರ್ ಆಯಿಲ್ ಹಾಕಸೂಣು ಅಂತೀರಿ. ಎರಡೂ ಬ್ಯಾಡ್ರಿ. ಇದ ತಪ್ಪು ಮಾಡಿ ಕೈ ಸುಟ್ಟಕೊಂಡಾಂವ ನಾನೂ ಒಬ್ಬ, ಅದಕ್ಕ ಇಷ್ಟುದ್ದ ಬರಿಯೂದು.

ಬೇರಿಂಗ್ ಹೋಗೇತಿ ಅಂತ ಯಾರು ಹೇಳಿದ್ರು? ಸಪ್ಪಳ ಎಡಕ ಕೇಳತೈತಿ ಅಂದಮಾತ್ರಕ್ಕ ಎಡಗಡಿ ಬೇರಿಂಗ್ ಆಗಬೇಕಂತಿಲ್ಲ. ಬಾಡಿ ತುಂಬ ಸಪ್ಪಳ ಓಡ್ಯಾಡತೈತಿ, ಒಳಗ ಕುಂತಾಂವಗ ದಿಕ್ಕು ತಪ್ಪತೈತಿ. ಪಾನಾ ಹಿಡಿಯೂಕಿಂತ ಮೊದಲ ರೋಡಿನ ಮ್ಯಾಲ ಬ್ಯಾರೆ ಬ್ಯಾರೆ ಮಾಡಿ ನೋಡ್ರಿ.

ಮುಂಜಾನೆ ಲಗೂನ, ಟ್ರಾಫಿಕ್ ಇಲ್ಲದಾಗ, ಎನ್‌ಎಚ್ 48ರ ಸಪಾಟ ನೇರ ತುಂಡು ಹುಡುಕ್ರಿ. ಎಸಿ ಬಂದ್, ಹಾಡು ಬಂದ್, ಕಾಜು ಏರಸ್ರಿ. 60ರ ಸ್ಪೀಡ್ ಹಿಡದು ಅದ ಸ್ಪೀಡಿನ್ಯಾಗ 3ನೇ ಗೇರ್, 4ನೇ ಗೇರ್, 5ನೇ ಗೇರ್ ಹಾಕ್ರಿ. ಗೇರ್ ಬದಲಾದಂಗ ಸಪ್ಪಳದ ಸ್ವರಾನೂ ಬದಲಾತು ಅಂದ್ರ ಅದು ಎಂಜಿನ್ ಕಡಿಂದು. ಒಂದ ಗೇರಿನ್ಯಾಗ ಕೊಂಯ್ ಅಂದು ಉಳಿದದ್ರಾಗ ಸುಮ್ಕಿದ್ರ ಆ ಗೇರಿನ ಹಲ್ಲಿನ ಜೋಡಿ ಮ್ಯಾಲ ಅನುಮಾನ. ಯಾವ ಗೇರಿದ್ರೂ ಸ್ವರ ಒಂದ, ಸ್ಪೀಡ್ ಇಳದ್ರಷ್ಟ ಇಳೀತೈತಿ ಅಂದ್ರ ಟೈರು, ಬೇರಿಂಗ್ ಅಥವಾ ಡಿಫರೆನ್ಶಿಯಲ್ (ಎಡ ಬಲ ಗಾಲಿಗೆ ಬಲ ಹಂಚೂ ಗೇರು) ಕಡಿ ಬರ್ರಿ. ಈಗ ಅದ ಸ್ಪೀಡಿನ್ಯಾಗ ಆಕ್ಸಿಲರೇಟರ್ ಒತ್ತೂದು, ಬಿಡೂದು ಮಾಡ್ರಿ. ಒತ್ತಿದಾಗ ಕೊಂಯ್, ಬಿಟ್ಟಾಗ ಮಾಯ (ಇಲ್ಲಾ ಉಲ್ಟಾ) ಅಂದ್ರ ಗೇರ್‌ಬಾಕ್ಸ್ ಒಳಗಿನ ಫೈನಲ್ ಡ್ರೈವ್ (ಗಾಲಿ ಕಡೆ ಬಲ ಕಳಸೂ ಕಡೀ ಗೇರ್ ಜೋಡಿ). ಕಡೀಕ 80ರಿಂದ ನ್ಯೂಟ್ರಲ್ ಮಾಡಿ ಬಿಡ್ರಿ. ಆಗೂ ಗುಂಯ್ ಹಂಗ ಉಳೀತು ಅಂದ್ರ ಬಹುಪಾಲು ಟೈರು ಇಲ್ಲಾ ಬೇರಿಂಗ್. ನ್ಯೂಟ್ರಲ್ ಅಂದ್ರ ನ್ಯೂಟ್ರಲ್ ಅಷ್ಟ, ಚಾವಿ ತಿರುಗಸಬ್ಯಾಡ್ರಿ. ಸ್ಟೀರಿಂಗ್ ಲಾಕ್ ಬೀಳತೈತಿ, ಬ್ರೇಕಿನ ಬೂಸ್ಟರ್ ಸತ್ತಹೋಗತೈತಿ. ಇಳಕಲಿನ್ಯಾಗೂ ಬ್ಯಾಡ. ಆಟೊಮ್ಯಾಟಿಕ್ ಇದ್ದವರು, ಅದ್ರಾಗೂ ಸಿವಿಟಿ (ಹಲ್ಲಿನ ಗೇರಿನ ಬದಲಿ ಬೆಲ್ಟಿನ ಆಟೊಮ್ಯಾಟಿಕ್) ಇದ್ದವರು, ಓನರ್ಸ್ ಮ್ಯಾನುವಲ್ ನೋಡದ ಈ ನ್ಯೂಟ್ರಲ್ ಆಟ ಆಡಬ್ಯಾಡ್ರಿ.

ಬೇರಿಂಗೋ ಟೈರೋ ತಿಳೀಬೇಕಂದ್ರ ಮೊದಲ ರೋಡ್ ಬದಲಾಗೂ ಜಾಗ ನೋಡ್ರಿ. ಡಾಂಬರು ಮುಗದು ಕಾಂಕ್ರೀಟ್ ಸುರುವಾದಲ್ಲಿ ಸ್ಪೀಡ್ ಅದ ಇದ್ರೂ ಸಪ್ಪಳದ ಜಾತೀನ ಬದಲಾತು ಅಂದ್ರ ಟೈರು. ಬೇರಿಂಗಿಗೆ ಡಾಂಬರೂ ಒಂದ, ಕಾಂಕ್ರೀಟೂ ಒಂದ. ಆಮ್ಯಾಲ 60ರಾಗ ಲೇನ್ ಬದಲಿಸಿದಂಗ ಸಾವಕಾಶ ಎಡಕ ಬಲಕ ಸ್ಟೀರಿಂಗ್ ತಿರುವ್ರಿ. ಬಲಕ ತಿರುವಿದಾಗ ಭಾರ ಎಡಗಾಲಿ ಮ್ಯಾಲ ಬೀಳತೈತಿ. ಆಗ ಗುಂಯ್ ಜೋರಾತು ಅಂದ್ರ ಎಡಗಡಿ ಬೇರಿಂಗ್, ಎಡಕ ತಿರುವಿದಾಗ ಜೋರಾದ್ರ ಬಲಗಡೀದು. ಭಾಳ ಮಂದಿ ಇಲ್ಲೇ ಉಲ್ಟಾ ತಿಳಕೊಂಡು ಚಲೋ ಇದ್ದ ಬೇರಿಂಗ್ ತಗಸತಾರ. ಲಾರಿ ಸಾಲಿನ ನಡುವ ಈ ಓಲಾಟ ಮಾತ್ರ ಮಾಡಬ್ಯಾಡ್ರಿ.

ಇನ್ನೊಂದು ಖಾತ್ರಿ ಪರೀಕ್ಷೆ, ಇದಕ್ಕ ಜ್ಯಾಕ್ ಒಂದ ಸಾಕು. ಸಪಾಟ ಜಾಗಾದಾಗ ಉಳಿದ ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳದು, ಗೇರ್ ನ್ಯೂಟ್ರಲ್ ಮಾಡಿ, ಒಂದ ಮುಂದಿನ ಗಾಲಿ ಎತ್ತರಿ. ಕೆಳಗ ಹೋಗಬ್ಯಾಡ್ರಿ. ಸ್ಟೀರಿಂಗ್ ಒಂದ ಕಡಿ ತಿರುವಿ, ಸಂದಿನಾಗಿಂದ ಕೈ ಹಾಕಿ ಸಸ್ಪೆನ್ಶನ್ ಸ್ಪ್ರಿಂಗ್ ಬೆರಳಿನ ತುದೀಲೆ ಹಗೂರ್ಕ ಹಿಡೀರಿ, ಇನ್ನೊಂದು ಕೈಲೆ ಗಾಲಿ ತಿರುಗಸ್ರಿ. ಬೇರಿಂಗ್ ಒಳಗ ಕೆಟ್ಟಿದ್ರ ಕಿವಿಗೆ ಏನೂ ಕೇಳದಿದ್ರೂ ಸ್ಪ್ರಿಂಗಿನ ತಂತಿಯೊಳಗ ಮಳಲ ಮ್ಯಾಲ ಕೊಳವಿ ಉಳ್ಳಿಸಿದಂಗ ಗರಗರ ಬೆರಳಿಗೆ ಹತ್ತತೈತಿ. ಚಲೋ ಬೇರಿಂಗಿನ್ಯಾಗ ಸ್ಪ್ರಿಂಗ್ ಸತ್ತಂಗ ತಣ್ಣಗ ಇರತೈತಿ. ಎರಡೂ ಕಡಿ ಮಾಡಿ ಹೋಲಿಸ್ರಿ, ಒಂದ ಕಡಿ ಮಾಡಿ ತೀರ್ಮಾನ ಬ್ಯಾಡ. ಗ್ಯಾರೇಜಿನ್ಯಾಗ ಲಿಫ್ಟಿಗೆ ಏರಿಸಿ ಎಂಜಿನ್‌ಲೆ ಗಾಲಿ ತಿರುಗಿಸಿ "ನೋಡ್ರಿ ಸಪ್ಪಳ ಇಲ್ಲ" ಅಂದ್ರ ನಂಬಬ್ಯಾಡ್ರಿ, ಭಾರ ಇಲ್ಲದ ಬೇರಿಂಗ್ ಸುಮ್ಕ ಕುಂದರತೈತಿ. ಅಲ್ಲೇ ಇನ್ನೊಂದು ಮೋಸ ಐತಿ: ಗಾಲಿ ಜೋತಬಿದ್ದಾಗ ಆಕ್ಸಲ್ ಜಾಯಿಂಟ್ ಓರೆ ಆಗಿ, ರೋಡಿನ ಮ್ಯಾಲ ಇಲ್ಲದ ಸಪ್ಪಳ ಅಲ್ಲಿ ಹುಟ್ಟತೈತಿ.

ಇಷ್ಟೆಲ್ಲಾ ಮಾಡೂಕಿಂತ ಮೊದಲ ರಿಮ್ಮಿನ ಒಳಗಡಿ ನೋಡೀರೇನು? ನವಲಗುಂದ, ನರಗುಂದ, ಅಣ್ಣಿಗೇರಿ ಕಡೆ ಹೊಲದ ಹಾದಿ ಹಿಡದು ಬಂದ ಗಾಡಿಗೆ ಎರಿ ಮಣ್ಣು ರಿಮ್ ಒಳಗ ಹತ್ತಿ ಒಣಗಿ ಇಟ್ಟಂಗಿ ಆಗಿರತೈತಿ. 80ಕ್ಕ ಸ್ಟೀರಿಂಗ್ ಗಡಗಡ ನಡಗತೈತಿ, ಮಂದಿ ಆಕ್ಸಲ್ ಬಾಗೇತಿ ಅಂತ ಗಾಬರಿ ಬೀಳತಾರ. ನೀರ ಹೊಡದ್ರ ಮುಗೀತು. ಬ್ರೇಕ್ ಡಿಸ್ಕಿನ ಹಿಂದಿನ ತಗಡಿನ ಸಂದಿನಾಗ ಒಂದ ಖಡಿಕಲ್ಲು ಸಿಕ್ಕಿದ್ರ ಕರ್ರ ಅಂತ ಜೀವ ತಿನ್ನತೈತಿ. ಹಿಂದಕ್ಕ ನಾಕ ಮಾರು ಹೋಗಿ ಮುಂದ ಬಂದ್ರ ಒಮ್ಮೊಮ್ಮಿ ತಾನ ಬೀಳತೈತಿ, ಇಲ್ಲಾ ಡಿಸ್ಕ್ ಆರಿದ ಮ್ಯಾಲ ಆ ತಗಡು ಬೆರಳಿಲೆ ಒಂಚೂರು ಹಿಂದ ಬಾಗಸ್ರಿ. ಮಳಿಗಾಲದಾಗ ರಾತ್ರಿ ನಿಂತ ಗಾಡಿ ಮುಂಜಾನೆ ಮೊದಲ ಎರಡ ಬ್ರೇಕಿಗೆ ಕೆರದ್ರ ಅದು ಡಿಸ್ಕಿನ ಮ್ಯಾಲಿನ ತುಕ್ಕು, ದೂರು ಬರಸೂದಲ್ಲ. ರಿವರ್ಸ್ ಗೇರಿನ ಕೊಂಯ್‌ಗೂ ದೂರು ಬ್ಯಾಡ, ಭಾಳ ಗಾಡ್ಯಾಗ ರಿವರ್ಸಿನ ಹಲ್ಲು ನೇರ ಕೊರದಿರತಾವ, ಕೂಗೂದ ಅದರ ಸ್ವಭಾವ. ಶೋರೂಮಿನ್ಯಾಗ ಹೇಳಿಸಿಕೊಂಡು ಅಂಡರ್‌ಬಾಡಿ ಕೋಟಿಂಗ್ ಹೊಡಸಿದ್ದವರು ಆಕ್ಸಲ್, ರಬ್ಬರ್ ಬೂಟಿನ ಮ್ಯಾಲ ಆ ಕರೀ ಗಾರಿ ಬಿದ್ದೇತೇನು ನೋಡ್ರಿ.

ಫುಲ್ ಸ್ಟೀರಿಂಗ್ ತಿರುವಿ ಸಾವಕಾಶ ಎಳದಾಗ ಕಟ್ ಕಟ್ ಅಂದ್ರ ಹೊರಗಿನ ಸಿವಿ ಜಾಯಿಂಟ್ (ಆಕ್ಸಲ್ಲಿನ ಗಾಲಿ ಕಡೀ ಜಾಯಿಂಟ್). ಗಾಡಿ ನಿಂತಾಗ ನ್ಯೂಟ್ರಲ್‌ನ್ಯಾಗ ಗರಗರ, ಕ್ಲಚ್ ಒತ್ತಿದ ಕೂಡ್ಲೆ ಬಂದ್ ಅಂದ್ರ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ (ಎಂಜಿನ್ ಬಲ ಗೇರ್‌ಬಾಕ್ಸ್ ಒಳಗ ತರೂ ಸಲಾಕಿ) ಬೇರಿಂಗ್. ಕ್ಲಚ್ ಒತ್ತಿದಾಗಷ್ಟ ಬಂದ್ರ ರಿಲೀಸ್ ಬೇರಿಂಗ್ (ಕ್ಲಚ್ ಬಿಡಸೂ ಬೇರಿಂಗ್).

ಈಗ ಖರೆ ತಪ್ಪಿಗೆ ಬರತೇನಿ, ನಿಮ್ಮ ಸಹಿಗೆ. ನಿಮ್ಮ ಜಾಬ್ ಕಾರ್ಡ್ ತಗದ ನೋಡ್ರಿ. ಏನ ಬರದಾರ? "ಜನರಲ್ ಚೆಕಪ್" ಅಂತ ಇದ್ರ ಕಾಗದದ ಲೆಕ್ಕದಾಗ ನೀವು ಸಪ್ಪಳದ ಬಗ್ಗೆ ಒಂದ ಮಾತೂ ಹೇಳಿಲ್ಲ. ಬಾಯಿಲೆ ಹತ್ತ ಸಲ ಹೇಳಿದ್ದು ಗಾಳಿಗೆ ಹೋತು. ನಾಳೆ ವಾರಂಟಿ ಮುಗದ ಮ್ಯಾಲ ಗೇರ್‌ಬಾಕ್ಸ್ ಹೋದ್ರ "ಮೊದಲ ದೂರ ಇರಲಿಲ್ಲಲ್ರೀ" ಅಂತಾರ. ಹೊಳ್ಳಿ ಹೋಗ್ರಿ, ಗಾಡಿ ಬಿಡೂಕಿಂತ ಮೊದಲ ಸರ್ವಿಸ್ ಅಡ್ವೈಸರ್ ಮುಂದ ಕುಂತು ನಿಮಗ ಕಂಡದ್ದನ್ನ ಹಿಂಗ ಬರಸ್ರಿ: "60ರಿಂದ 90ರ ನಡುವ ಗುಂಯ್ ಸಪ್ಪಳ, ಎಲ್ಲಾ ಗೇರಿನ್ಯಾಗೂ, ನ್ಯೂಟ್ರಲ್‌ನ್ಯಾಗೂ ಐತಿ, ಬಲಕ ತಿರುವಿದಾಗ ಹೆಚ್ಚು, 20 ನಿಮಿಷ ಓಡಿದ ಮ್ಯಾಲ, ಎರಡನೇ ಸಲದ ದೂರು." ಕಿ.ಮೀ. ಮತ್ತ ತಾರೀಖು ಸರಿ ಐತೇನು ನೋಡಿ ಪ್ರತಿ ತಗೋರಿ, ಇಲ್ಲಾ ಫೋಟೋ ಹೊಡೀರಿ. ಬೇರಿಂಗ್ ಬದಲಿ ಮಾಡ್ರಿ ಅಂತ ಮಾತ್ರ ಬರಸಬ್ಯಾಡ್ರಿ. ಲಕ್ಷಣ ಹೇಳೂದು ನಿಮ್ಮ ಕೆಲಸ, ರೋಗ ಹುಡಕೂದು ಅವರ್ದು. ನೀವ ಬೇರಿಂಗ್ ಅಂದ್ರ ಬೇರಿಂಗ್ ಬದಲಿಸಿ ಕಳಸತಾರ, ಸಪ್ಪಳ ಉಳದ್ರ "ನೀವ ಹೇಳಿದ್ರಿ" ಅಂತಾರ.

ಟೆಸ್ಟ್ ಡ್ರೈವಿಗೆ ಮೆಕ್ಯಾನಿಕ್ ಒಬ್ಬನ್ನ ಕಳಸಬ್ಯಾಡ್ರಿ, ನೀವೂ ಕುಂದರ್ರಿ. ಹುಬ್ಬಳ್ಳಿ ಗೋಕುಲ ರೋಡಿನ ಟ್ರಾಫಿಕ್‌ನ್ಯಾಗ 40ರಾಗ ಒಂದ ಸುತ್ತು ಹಾಕಿ "ಏನೂ ಇಲ್ಲ" ಅಂದ್ರ ಒಪ್ಪಬ್ಯಾಡ್ರಿ, ಸಪ್ಪಳ ಬರೂ ಸ್ಪೀಡಿಗೆ ಬೈಪಾಸ್ ತನಕ ಕರ್ಕೊಂಡ ಹೋಗ್ರಿ. ಅದ ಮಾಡಲ್ಲಿನ ಇನ್ನೊಂದ ಹೊಸ ಗಾಡಿ, ಟೆಸ್ಟ್ ಡ್ರೈವ್ ಗಾಡಿ ಆದ್ರೂ ಆದೀತು, ಅದ ರೋಡಿನ್ಯಾಗ ಓಡಿಸಿ ಹೋಲಿಸಾಕ ಕೇಳ್ರಿ. "ಎಲ್ಲಾ ಗಾಡೀನೂ ಹಿಂಗ" ಅನ್ನೂ ಮಾತಿಗೆ ಇದ ಔಷಧ. ಅದೂ ಹಂಗ ಕೂಗಿದ್ರ, ಬೇಜಾರಾದ್ರೂ ಸುಮ್ಕ ಆಗ್ರಿ. ವಾಪಸ್ ತಗೊಳ್ಳುವಾಗ ಸಪ್ಪಳ ಉಳದಿದ್ರ "ತೃಪ್ತಿಕರ" ಅನ್ನೂ ಕಡೆ ಸಹಿ ಮಾಡಬ್ಯಾಡ್ರಿ, "ದೂರು ಬಗೆಹರಿದಿಲ್ಲ" ಅಂತ ನಿಮ್ಮ ಕೈಲೆ ಬರದು ಸಹಿ ಮಾಡ್ರಿ. ಮುಖ ಕಿವಚತಾರ, ಕಿವಚಲಿ.

ಮಿಸ್ತ್ರಿ ಕಡೆ ಯಾಕ ಬ್ಯಾಡ ಅಂದ್ರ, ಅಂವಗ ಕೆಲಸ ಬರೂದಿಲ್ಲ ಅಂತಲ್ಲ. ಹೊರಗ ಬಿಚ್ಚಿದ ಗುರ್ತು ಸಿಕ್ರ ಆ ಭಾಗದ ವಾರಂಟಿ ತಳ್ಳಿಹಾಕಾಕ ಕಂಪನಿಯವರಿಗೆ ನೆಪ ಸಿಗತೈತಿ. ಮತ್ತ ಈಗಿನ ಬೇರಿಂಗ್ ಹಳೇವಲ್ಲ. ಎಬಿಎಸ್ (ಬ್ರೇಕ್ ಹೊಡದಾಗ ಗಾಲಿ ಜಾಮ್ ಆಗದಂಗ ತಡಿಯೂ ವ್ಯವಸ್ಥಾ) ಇದ್ದ ಗಾಡ್ಯಾಗ ಬೇರಿಂಗಿನ ಒಂದ ಕಡಿ ಸೀಲಿನ್ಯಾಗ ಅಯಸ್ಕಾಂತದ ಪಟ್ಟಿ ಇರತೈತಿ, ಉಲ್ಟಾ ಕುಂದರಿಸಿದ್ರ ಎಬಿಎಸ್ ದೀಪ ಹತ್ತಿ ಕುಂದರತೈತಿ. ನಕಲ್ಲಿಗೆ (ಗಾಲಿ ಹಿಂದ ಬೇರಿಂಗ್ ಕುಂದರೂ ಲೋಹದ ಮನಿ) ಕುಂದರಸುವಾಗ ಒತ್ತಡ ಹೊರಗಿನ ಬಳಿ ಮ್ಯಾಲ ಬೀಳಬೇಕು. ಒಳಗಿನ ಬಳಿ ಮ್ಯಾಲ ಒತ್ತಿದ್ರ, ಇಲ್ಲಾ ಸುತ್ತಿಗಿಲೆ ಬಡದ್ರ, ಹೊಸಾ ಬೇರಿಂಗ್ ಅವತ್ತ ಸತ್ತಂಗ, ಸಪ್ಪಳ ಸಾವಿರ ಕಿ.ಮೀ. ಆದ ಮ್ಯಾಲ ಬರತೈತಿ ಅಷ್ಟ. ಆಕ್ಸಲ್ ನಟ್ ಹೊಸಾದ ಹಾಕಬೇಕು, ಕಂಪನಿ ಹೇಳಿದ ಟಾರ್ಕಿಗೆ (ಅಳತಿ ಬಿಗಿಗೆ) ಬಿಗದ ಮ್ಯಾಲನ ಗಾಲಿ ಮ್ಯಾಲ ಭಾರ ಬಿಡಬೇಕು. ವಾರಂಟಿ ಮುಗದವರು ಹೊರಗ ಮಾಡಸಿದ್ರೂ ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿ ಯಾವ ಕಂಪನಿ ಬೇರಿಂಗ್ ಆದ್ರೂ ತಗೋರಿ, ಆದ್ರ ಬಿಲ್ ಕೊಡೂ ಅಂಗಡ್ಯಾಗ. ಅದ ಡಬ್ಬಿಯೊಳಗ ಡುಪ್ಲಿಕೇಟ್ ತುಂಬಿ ಮಾರತಾರ.

ಗೇರ್ ಆಯಿಲ್ ದಪ್ಪ ಮಾಡೂದಂತೂ ಸಪ್ಪಳದ ಬಾಯಿಗೆ ಅರಿಬಿ ತುರುಕಿದಂಗ. ಓನರ್ಸ್ ಮ್ಯಾನುವಲ್‌ನ್ಯಾಗ 75ಡಬ್ಲ್ಯೂ-80 (ಆಯಿಲಿನ ದಪ್ಪ), ಜಿಎಲ್-4 (ಆಯಿಲಿನ ದರ್ಜೆ) ಅಂತಿದ್ರ ಅದನ್ನ ಹಾಕಬೇಕು. ಜಿಎಲ್-5 "ಇನ್ನೂ ಚಲೋ" ಅಂತ ಅಂಗಡಿಯಾಂವ ಕೊಟ್ರ ಬ್ಯಾಡ ಅನ್ರಿ, ಸಿಂಕ್ರೊನೈಸರಿನ (ಗೇರ್ ನುಣ್ಣಗ ಬೀಳಸೂ ಭಾಗ) ಹಿತ್ತಾಳಿ ಉಂಗುರಕ್ಕ ಅದು ಹೊಂದೂದಿಲ್ಲ, ಗೇರ್ ಬೀಳೂದ ಬಿಗಿ ಆಗತೈತಿ.

ಟೈರು ಅಂತ ಖಾತ್ರಿ ಆದ್ರ ಅದ ಕಡೀದು ಮುಂದಿಂದು ಹಿಂದ, ಹಿಂದಿಂದು ಮುಂದ ಹಾಕಿಸಿ ಸಪ್ಪಳ ಜಾಗ ಬದಲಿಸೇತೇನು ನೋಡ್ರಿ. ಟೈರಿನ ವಾರಂಟಿ ಗಾಡಿ ಕಂಪನೀದಲ್ಲ, ಟೈರ್ ಕಂಪನೀದು, ಅದರ ಕ್ಲೇಮ್ ಬ್ಯಾರೆ. ನನ್ನ ಲೆಕ್ಕದಾಗ ಬಾಳಿಕಿಗೆ ಎಂಆರ್‌ಎಫ್, ಸಪ್ಪಳ ಕಡಿಮಿಗೆ ಮಿಶೆಲಿನ್, ಇದಕ್ಕ ಗುಂಪಿನ್ಯಾಗ ಜಗಳಾ ಬ್ಯಾಡ. ದೊಡ್ಡ ಅಲಾಯ್ ಗಾಲಿ ಹಾಕಿಸಿದ್ದವರು ವಾರಂಟಿಗೆ ಹೋಗೂ ಮುಂಚೆ ಕಂಪನಿ ಗಾಲಿ ಹಾಕ್ಕೊಂಡ ಹೋಗ್ರಿ. ಅದ ಗಾಲಿಲೂ ಸಪ್ಪಳ ಬಂದ್ರ ವಾದ ಮಾಡಾಕ ದಾರಿ ಇರತೈತಿ.

ವಾರಂಟಿಯೊಳಗ ಏನ ಬದಲಿಸಿದ್ರೂ ಸೊನ್ನಿ ರೂಪಾಯಿ ಬಿಲ್ ಆದ್ರೂ ಪಾರ್ಟ್ ನಂಬರ್ ಸಹಿತ ತಗೋರಿ. ಹಳೇ ಪಾರ್ಟ್ ಕಂಪನಿಗೆ ವಾಪಸ್ ಹೋಗತೈತಿ, ಅದಕ್ಕ ಜಗಳಾಡೂಕಿಂತ ಫೋಟೋ ಹೊಡೀರಿ. ಗೇರ್‌ಬಾಕ್ಸ್ ಬಿಚ್ಚತೀವಿ ಅಂದ್ರ ಯಾರು ಬಿಚ್ಚೂದು, ಪೂರಾ ಅಸೆಂಬ್ಲಿ ಬರತೈತೋ ಇಲ್ಲೇ ರಿಪೇರಿಯೋ ಕೇಳ್ರಿ. ಎಂಜಿನ್ನ ಬದಲಾತು ಅಂದ್ರ ನಂಬರ್ ಬದಲಾಗತೈತಿ, ಆರ್‌ಸಿ ಮತ್ತ ಇನ್ಶುರೆನ್ಸಿನ್ಯಾಗ ತಿದ್ದಸೂದು ಮರೀಬ್ಯಾಡ್ರಿ.

ಮೂರು ಸಲ ಹೋದ್ರೂ ಆಗಲಿಲ್ಲ ಅಂದ್ರ ವರ್ಕ್ಸ್ ಮ್ಯಾನೇಜರ್ ಕೂಡ ಮಾತಾಡಿ, ಕಂಪನಿ ಕಸ್ಟಮರ್ ಕೇರಿಗೆ ಮೇಲ್ ಹಾಕ್ರಿ: ಚಾಸಿ ನಂಬರ್, ಕಿ.ಮೀ., ಮೂರೂ ಜಾಬ್ ಕಾರ್ಡಿನ ನಂಬರ್, ತಾರೀಖು. ಬೈಗಳ ಬ್ಯಾಡ, ಏರಿಯಾ ಸರ್ವಿಸ್ ಮ್ಯಾನೇಜರ್ ಬಂದು ಜೋಡಿ ಓಡಿಸಿ ನೋಡಬೇಕು ಅಂತ ಕೇಳ್ರಿ. ಅದಕ್ಕೂ ಬಗ್ಗಲಿಲ್ಲ ಅಂದ್ರ 1915 ಗ್ರಾಹಕ ಸಹಾಯವಾಣಿ, ಆಮ್ಯಾಲ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ಗಾಡಿ ಹುಬ್ಬಳ್ಳ್ಯಾಗ ತಗೊಂಡಿದ್ರೂ ನೀವು ಇರೂ ಹಾವೇರಿ ಜಿಲ್ಲಾದಾಗ ಹಾಕಬಹುದು. ಕೊಟ್ಟ ರೊಕ್ಕ 50 ಲಕ್ಷದ ತನಕ ಇದ್ರ ಜಿಲ್ಲಾ ಆಯೋಗಕ್ಕ, ಫೀ 5ರಿಂದ 10 ಲಕ್ಷದ ಗಾಡಿಗೆ 200 ರೂಪಾಯಿ, 10ರಿಂದ 20 ಲಕ್ಷಕ್ಕ 400. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗ ಹಾಕಬೇಕು. ತಯಾರಿಕೆಯ ದೋಷ ಅನ್ನಾಕ ತಜ್ಞರ ವರದಿ ಕೇಳತಾರ, ಆಗ ನಿಮ್ಮ ಕೈಯಾಗ ಇರೂದು ಆ ಜಾಬ್ ಕಾರ್ಡುಗಳ.

ಸೋಮವಾರ ಹೋಗೂಕಿಂತ ಮೊದಲ ರಿಮ್ ತೊಳದು, ಟೈರಿನ ಗಾಳಿ ಬಾಗಿಲಿನ ಸ್ಟಿಕರಿನ್ಯಾಗ ಇದ್ದಷ್ಟ ಹಾಕಿಸಿ, ಒಂದ ವಿಡಿಯೋ ಮಾಡಿ ಇಲ್ಲೇ ಹಾಕ್ರಿ. ಫೋನ್ ಪಕ್ಕದಾಗ ಕುಂತವರ ಕೈಯಾಗ ಕೊಡ್ರಿ, ಸ್ಪೀಡ್ ಮೀಟರೂ ಆರ್‌ಪಿಎಂ ಮೀಟರೂ ಎರಡೂ ಕಾಣಬೇಕು. ಮಾತಾಡಬ್ಯಾಡ್ರಿ, ಸಪ್ಪಳ ಬಂದಾಗ ಒಮ್ಮೆ ಚಿಟಿಕಿ ಹೊಡೀರಿ ಅಂತ ಅವರಿಗೇ ಹೇಳ್ರಿ.