ವೀಸಾ ಸ್ಟಿಕ್ಕರ್ ಮೇಲಿನ ಎರಡನೇ ತಾರೀಕು

"ಅಕ್ಕಾ, ಜರ್ಮನಿಲಿ ಮಾಸ್ಟರ್ಸ್‌ಗೆ ಅಡ್ಮಿಷನ್ ಸಿಕ್ಕಿದೆ. ಬ್ಲಾಕ್ಡ್ ಅಕೌಂಟ್‌ಗೆ ಲೋನ್ ದುಡ್ಡು ಹಾಕಿದ್ರೆ ನಡಿಯುತ್ತಾ, ಪಾರ್ಟ್ ಟೈಮ್ ಮಾಡಿ ಆ ಲೋನ್ ತೀರಿಸಬಹುದಾ, ವೀಸಾ ಒಂದು ಕೈಗೆ ಬಂದ್ರೆ ಆಮೇಲೆ ಟೆನ್ಷನ್ ಇಲ್ಲ ಅಲ್ವಾ?" ಅಂತ ಕೇಳಿದೀಯ. ಮೊದಲಿನ ಎರಡಕ್ಕೆ ಬೇಗ ಹೇಳಿಬಿಡ್ತೀನಿ. ಮೂರನೇದು ಓದಿ ರಾತ್ರಿ ನಿದ್ದೆ ಬರಲಿಲ್ಲ, ಯಾಕಂದ್ರೆ 2016ರಲ್ಲಿ ಹೊರಡುವಾಗ ನಾನೂ ಮನೇಲಿ ಎಲ್ಲರ ಹತ್ರ ಇದೇ ಮಾತು ಹೇಳಿದ್ದೆ.

ಲೋನ್ ದುಡ್ಡು ನಡಿಯುತ್ತೆ. ಬ್ಲಾಕ್ಡ್ ಅಕೌಂಟ್ ಅಂದ್ರೆ ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸೋಕೆ ಮೊದಲೇ ತುಂಬಿಡೋ ಅಕೌಂಟ್, ಅದರಲ್ಲಿ ಈಗ ವರ್ಷಕ್ಕೆ 11,904 ಯೂರೋ ಇಡಬೇಕು, ಇಲ್ಲಿಗೆ ಬಂದ್ಮೇಲೆ ತಿಂಗಳಿಗೆ 992ರ ಲೆಕ್ಕದಲ್ಲಿ ಬಿಡ್ತಾರೆ. ಆದ್ರೆ ವಿಮಾನ ಇಳಿದ ದಿನವೇ ಅದು ಕೈಗೆ ಬರಲ್ಲ, ಇಲ್ಲಿ ಬ್ಯಾಂಕ್ ಅಕೌಂಟ್ ಆಗ್ಬೇಕು, ಪೇಪರ್ ಕಳಿಸ್ಬೇಕು, ಅಷ್ಟರಲ್ಲಿ ರೂಮ್ ಸಿಕ್ರೆ ಓನರ್ ಮೂರು ತಿಂಗಳ ಬಾಡಿಗೆ ತನಕ ಅಡ್ವಾನ್ಸ್ ಕೇಳಬಹುದು, ಕಾನೂನಲ್ಲೇ ಅಷ್ಟಕ್ಕೆ ಅವಕಾಶ ಇದೆ. ಅದಕ್ಕೇ ಮೊದಲ ಎರಡು ತಿಂಗಳಿಗೆ ಅಂತ ಬೇರೆ ದುಡ್ಡು ಇಟ್ಕೊಂಡೇ ಬಾ. ಎಪಿಎಸ್ ಸರ್ಟಿಫಿಕೇಟ್, ಅಂದ್ರೆ ನಿನ್ನ ಮಾರ್ಕ್ಸ್ ಕಾರ್ಡ್, ಡಿಗ್ರಿ ಎಲ್ಲಾ ಅಸಲಿ ಅಂತ ಪರಿಶೀಲಿಸಿ ಕೊಡೋದು, ಆಗಿದೆಯೋ ಇಲ್ವೋ ನೀನು ಬರೆದಿಲ್ಲ. ನಮ್ ಕಾಲದಲ್ಲಿ ಅದು ಇರಲಿಲ್ಲ, 2022ರ ನವೆಂಬರ್‌ನಿಂದ ಇಂಡಿಯಾದ ಸ್ಟೂಡೆಂಟ್ಸ್‌ಗೆ ಕಡ್ಡಾಯ ಮಾಡಿದಾರೆ, ಅದಿಲ್ದೆ ವೀಸಾ ಅರ್ಜಿ ಮುಂದಕ್ಕೆ ಹೋಗಲ್ಲ. ಇನ್ನೊಂದು, ಮುಂಚೆ ವೀಸಾ ರಿಜೆಕ್ಟ್ ಆದ್ರೆ ಮತ್ತೊಂದ್ಸಲ ನೋಡಿ ಅಂತ ಎಂಬೆಸಿಗೇ ಬರ್ಕೊಳ್ಳೋಕೆ ದಾರಿ ಇತ್ತು, 2025ರ ಜುಲೈ 1ರಿಂದ ಅದನ್ನ ತೆಗೆದುಬಿಟ್ರು, ಈಗ ಹೊಸದಾಗಿ ಅಪ್ಲೈ ಮಾಡ್ಬೇಕು ಇಲ್ಲ ಕೋರ್ಟಿಗೆ ಹೋಗ್ಬೇಕು. ಅದಕ್ಕೇ ಈ ಕೋರ್ಸ್ ಯಾಕೆ ಅಂತ ಅರ್ಜಿ ಜೊತೆ ಕೊಡೋ ಮೋಟಿವೇಷನ್ ಲೆಟರ್ ಕನ್ಸಲ್ಟೆನ್ಸಿಯವರ ಹತ್ರ ಬರೆಸ್ಬೇಡ, ನೀನೇ ಬರಿ.

ಪಾರ್ಟ್ ಟೈಮ್ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾಡಬಹುದು. ಊಟ ಬಾಡಿಗೆಗೆ ಆಗುತ್ತೆ, ಆದ್ರೆ ಲೋನ್‌ಗೂ ಆಗುತ್ತೆ ಅಂತ ಮನೆಯವರಿಗೆ ಮಾತು ಕೊಡ್ಬೇಡ. ನಾನು ಎರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಬೇಕರಿಲಿ ನಿಂತಿದೀನಿ, ಆ ದುಡ್ಡಲ್ಲಿ ಊರಿಗೆ ಒಂದು ರೂಪಾಯಿ ಕಳಿಸೋಕೆ ಆಗಿಲ್ಲ.

ಈಗ ಮೂರನೇದು. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರೋ ವೀಸಾ ಪೂರ್ತಿ ಕೋರ್ಸಿಗಲ್ಲಪ್ಪಾ, ಅದು ಒಳಗೆ ಬರೋಕೆ ಅಷ್ಟೇ. ಮೂರು ತಿಂಗಳಿಗೆ ಇರ್ಬಹುದು, ಆರಕ್ಕೆ ಇರ್ಬಹುದು, ಕೆಲವರಿಗೆ ವರ್ಷಕ್ಕೂ ಕೊಡ್ತಾರೆ. ಸ್ಟಿಕ್ಕರ್ ಮೇಲೆ ಎರಡು ತಾರೀಕು ಇರುತ್ತೆ, ಎರಡನೇದರ ಹಿಂದೆ 'ಬಿಸ್' ಅಂತ ಬರೆದಿರುತ್ತೆ, ಅಂದ್ರೆ 'ತನಕ'. ಅಷ್ಟರೊಳಗೆ ಇಲ್ಲಿನ ವಿದೇಶಿಯರ ಆಫೀಸಲ್ಲಿ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಬಿದ್ದಿರಬೇಕು. ನನ್ನದು ಮೂರು ತಿಂಗಳದ್ದು, ಜನವರಿ 4ಕ್ಕೆ ಮುಗೀತಿತ್ತು.

ಬಂದ ಮೊದಲ ಐದು ವಾರ ನಾನು ಒಬ್ಬ ಸೀನಿಯರ್ ರೂಮಲ್ಲಿ ನೆಲದ ಮೇಲೆ ಮಲಗಿದ್ದೆ. ಆಮೇಲೆ ರೂಮ್ ಸಿಕ್ತು, ಆದ್ರೆ ಹೊಸ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ರಿಜಿಸ್ಟರ್ ಮಾಡ್ಬೇಕಲ್ಲ, ಆನ್‌ಮೆಲ್ಡುಂಗ್ ಅಂತಾರೆ, ಅದಕ್ಕೆ ಓನರ್ ಸೈನ್ ಮಾಡಿದ ಫಾರ್ಮ್ ಬೇಕು, ಅವರು ಊರಲ್ಲಿರಲಿಲ್ಲ. ಅದಾದ್ಮೇಲೆ ವಿದೇಶಿಯರ ಆಫೀಸಿನ ಅಪಾಯಿಂಟ್‌ಮೆಂಟ್ ಜನವರಿ 10ಕ್ಕೆ ಸಿಕ್ತು. ನಮ್ಮ ಕಡೆ ಆಫೀಸಲ್ಲಿ ವಾರ ಆಚೆ ಈಚೆ ಆದ್ರೆ ಏನಾಗುತ್ತೆ, ಹೋಗಿ ಕಾರಣ ಹೇಳಿದ್ರೆ ಕೇಳ್ತಾರೆ, ಅವರೇ ಕೊಟ್ಟ ತಾರೀಕಲ್ವಾ ಅಂತ ಸುಮ್ನಿದ್ದೆ. 10ಕ್ಕೆ ಹೋದೆ. ಆ ಮೇಡಂ ಪಾಸ್‌ಪೋರ್ಟ್ ತೆಗೆದು ಎರಡನೇ ತಾರೀಕಿನ ಕೆಳಗೆ ಪೆನ್ಸಿಲ್ ಇಟ್ರು, ಏನೂ ಬೈಲಿಲ್ಲ, ಅರ್ಜಿ ತಗೊಂಡು ಒಂದು ಪೇಪರ್ ಕೊಟ್ರು, ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಬರೋತನಕ ಇಲ್ಲಿರಬಹುದು, ದೇಶ ಬಿಟ್ಟು ಹೋದ್ರೆ ಇದರ ಮೇಲೆ ವಾಪಸ್ ಬರೋಕಾಗಲ್ಲ, ಹೊಸ ವೀಸಾ ಬೇಕು ಅಂದ್ರು. ನಾನೆಲ್ಲಿ ಹೋಗ್ತೀನಿ ಅಂತ ಸೈನ್ ಮಾಡಿ ಬಂದೆ.

ಫೆಬ್ರವರಿಲಿ ದೊಡ್ಡಪ್ಪ ಹೋಗ್ಬಿಟ್ರು. ನನ್ನ ಲೋನ್‌ಗೆ ಜಾಮೀನು ನಿಂತಿದ್ದು ಅವರು. ಅಪ್ಪನ ಹೆಸರಲ್ಲಿ ಏನೂ ಇರಲಿಲ್ಲ, ದೊಡ್ಡಪ್ಪ ತಮ್ಮ ಸೈಟಿನ ಕಾಗದಪತ್ರ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಬ್ಯಾಂಕಿಗೆ ನಾಲ್ಕು ಸಲ ಬಂದಿದ್ರು, ಮ್ಯಾನೇಜರ್ ಕಾಯಿಸಿದ್ರೂ ಒಂದ್ಸಲನೂ ಬೇಜಾರು ಮಾಡ್ಕೊಳ್ಳಲಿಲ್ಲ. ಸುದ್ದಿ ಬಂದ ದಿನ ನಾನು ಸೂಟ್‌ಕೇಸ್ ತೆಗೆದು ಹಾಸಿಗೆ ಮೇಲಿಟ್ಟು ಆ ಪೇಪರ್ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಹೋದ್ರೆ ಸೆಮಿಸ್ಟರ್ ಹೋಯ್ತು, ಅವರು ಜಾಮೀನು ನಿಂತ ಲೋನೇ ಮುಳುಗುತ್ತೆ. ಹೋಗಲಿಲ್ಲ. ತಮ್ಮ ವಾಟ್ಸಾಪ್‌ನಲ್ಲಿ ವಿಡಿಯೋ ಕಾಲ್ ಮಾಡಿದ, ಅವನ ಕೈ ನಡುಗ್ತಿತ್ತು, ಜನರ ಹೆಗಲು, ಆಕಾಶ, ಒಂದು ಕ್ಷಣ ದೊಡ್ಡಪ್ಪನ ಕಾಲ ಹೆಬ್ಬೆರಳು ಎರಡೂ ಸೇರಿಸಿ ಕಟ್ಟಿದ್ದ ಬಿಳಿ ದಾರ ಕಾಣಿಸ್ತು, ಅಷ್ಟೇ, ನೆಟ್‌ವರ್ಕ್ ಹೋಯ್ತು. ಕಾರ್ಡ್ ಬಂದಿದ್ದು ಮಾರ್ಚಲ್ಲಿ.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಅಪಾಯಿಂಟ್‌ಮೆಂಟ್ ಯಾವಾಗಿದ್ರೂ ಅರ್ಜಿ ಮಾತ್ರ ವೀಸಾದ ಎರಡನೇ ತಾರೀಕಿಗೆ ಮುಂಚೆ ಅವರಿಗೆ ತಲುಪಿದ್ರೆ ಹಳೇ ವೀಸಾದ ಹಕ್ಕು ತೀರ್ಮಾನ ಆಗೋತನಕ ಮುಂದುವರಿಯುತ್ತೆ. ಆಗ ಕೊಡೋ ತಾತ್ಕಾಲಿಕ ಪೇಪರಲ್ಲಿ ಇಲ್ಲಿನ ರೆಸಿಡೆನ್ಸ್ ಕಾನೂನಿನ 81ನೇ ಸೆಕ್ಷನ್‌ನ 4ನೇ ಉಪವಿಧಿ ಅನ್ನೋ ಕಡೆ ಟಿಕ್ ಇದ್ರೆ ಹೋಗಿ ಬರಬಹುದು, 3ನೇದರ ಕಡೆ ಇದ್ರೆ ಆಗಲ್ಲ. ಒಂದು ಟಿಕ್ ಮಾರ್ಕ್. ಡಿಸೆಂಬರಲ್ಲಿ ನಾನು ಅರ್ಜಿ ಕಳಿಸಿದ್ರೆ ಸಾಕಾಗಿತ್ತು, ಅರ್ಧ ಗಂಟೆ ಕೆಲಸ.

ಲೋನ್ 2021ರಲ್ಲಿ ಪೂರ್ತಿ ತೀರಿಸಿದೆ, ಯಾರ ಹತ್ರನೂ ಸಾಲ ಮಾಡ್ದೆ, ನನ್ನ ಸಂಬಳದಲ್ಲೇ. ಸೈಟಿನ ಪತ್ರ ಬ್ಯಾಂಕಿಂದ ಬಿಡಿಸ್ಕೊಂಡು ನಾನೇ ಹೋಗಿ ದೊಡ್ಡಮ್ಮನ ಕೈಗೆ ಕೊಟ್ಟೆ, ಅದೇ ಪ್ಲಾಸ್ಟಿಕ್ ಕವರ್. ಅವರು ಅದನ್ನ ದೇವರ ಮುಂದಿಟ್ಟು, ಊಟ ಮಾಡ್ಕೊಂಡು ಹೋಗು ಅಂದ್ರು. ಆವತ್ತು ಯಾಕೆ ಬರಲಿಲ್ಲ ಅಂತ ಕೇಳ್ತಾರೆ ಅಂತ ದಾರಿಯುದ್ದಕ್ಕೂ ಉತ್ತರ ಜೋಡಿಸ್ಕೊಂಡು ಹೋಗಿದ್ದೆ. ಇವತ್ತಿನವರೆಗೂ ಕೇಳಿಲ್ಲ.

ನೀನು ಬಂದ್ಮೇಲೆ ರೂಮ್ ಸಿಗದಿದ್ರೂ ಪರವಾಗಿಲ್ಲ, ವೀಸಾದ ಎರಡನೇ ತಾರೀಕಿಗೆ ಆರು ವಾರ ಮುಂಚೆ ಪಾಸ್‌ಪೋರ್ಟ್, ವೀಸಾ, ಯೂನಿವರ್ಸಿಟಿ ಎನ್‌ರೋಲ್‌ಮೆಂಟ್, ಇನ್ಶೂರೆನ್ಸ್, ಬ್ಲಾಕ್ಡ್ ಅಕೌಂಟ್ ಪೇಪರ್ ಎಲ್ಲಾ ಸೇರಿಸಿ ಅರ್ಜಿ ಹಾಕು, ಅವರ ಆನ್‌ಲೈನ್ ಫಾರ್ಮ್ ಇದ್ರೆ ಅದರಲ್ಲಿ, ಇಲ್ದಿದ್ರೆ ಮೇಲ್ ಮಾಡಿ ಒಂದು ಪ್ರತಿ ಪೋಸ್ಟಲ್ಲೂ ಕಳಿಸು, ಕಳಿಸಿದ್ದಕ್ಕೆ ಪ್ರೂಫ್ ಇಟ್ಕೋ. ಜರ್ಮನ್‌ನಲ್ಲಿ ಬರೆಯೋಕೆ ಬರದಿದ್ರೆ ನನಗೆ ಕಳಿಸು, ನಾನು ಬರೆದುಕೊಡ್ತೀನಿ. ಎಪಿಎಸ್ ಏನಾಯ್ತು ಅಂತ ಇವತ್ತೇ ಹೇಳು.