ಸಾಧಕರಲ್ಲದವರು ಅನುಭಾವವನ್ನು ಓದಬಹುದೇ?

ಓದುಗರ ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಯಹೂದಿ ಅನುಭಾವದ ವಿದ್ವಾಂಸ ಗೆರ್ಶೋಮ್ ಶೋಲೆಮ್ ಬಗ್ಗೆ ಬಂದ ಲೇಖನ ಓದಿದೆ. ಇವರು ದೀಕ್ಷೆ ಪಡೆದವರಲ್ಲ, ಸಾಧನೆಯ ದಾರಿ ಹಿಡಿದವರಲ್ಲ. ವಿಶ್ವವಿದ್ಯಾಲಯದ ಕುರ್ಚಿಯಲ್ಲಿ ಕೂತು ಕಬ್ಬಾಲಾ ಎಂಬ ಯಹೂದಿ ಅನುಭಾವ ಪರಂಪರೆಯ ಬಗ್ಗೆ ಬರೆದರು. ಇದು ಈಜು ಬಾರದವರು ಈಜು ಕಲಿಸಿದ ಹಾಗಲ್ಲವೆ? ಅದನ್ನು ನೀವು ಮಹಾ ಸಾಧನೆ ಎಂದು ಹೊಗಳಿದ್ದೀರಿ. ನನ್ನ ಮಗಳೂ ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳಿಗೆ ಏನು ಹೇಳಲಿ?

ಸಂಪಾದಕರ ಉತ್ತರ:

ಮಾನ್ಯರೆ,

ನಿಮ್ಮ ಪ್ರಶ್ನೆ ಶೋಲೆಮ್ ಅವರಿಗೂ ಎದುರಾಗಿತ್ತು. ಜೆರುಸಲೇಮಿನ ಹಳೇ ಊರಿನಲ್ಲಿ ಬೇತ್ ಎಲ್ ಎಂಬ ಸಾಧಕರ ಕೂಟವಿತ್ತು. 18ನೇ ಶತಮಾನದಲ್ಲಿ ಯೆಮನ್‌ನಿಂದ ಬಂದ ಶಾಲೋಮ್ ಶರಾಬಿ ಹಾಕಿಕೊಟ್ಟ ಧ್ಯಾನ ಪದ್ಧತಿಯನ್ನು ಅಲ್ಲಿನವರು ಪಾಲಿಸುತ್ತಿದ್ದರು. ಯುವಕ ಶೋಲೆಮ್ ಅಲ್ಲಿಗೆ ಹೋದರು. ಅಲ್ಲಿನ ಹಿರಿಯರೊಬ್ಬರು ಕಬ್ಬಾಲಾ ಕಲಿಸಲು ಒಪ್ಪಿದರು. ಆದರೆ ಒಂದು ಷರತ್ತು: ಪ್ರಶ್ನೆ ಕೇಳಕೂಡದು. ಶೋಲೆಮ್ ಯೋಚಿಸಿ, ಅದು ತಮ್ಮಿಂದಾಗದು ಎಂದರು. ಸಾಧನೆಯ ಬಾಗಿಲು ಅವರಿಗೆ ಮುಚ್ಚಿರಲಿಲ್ಲ. ತಾವು ಯಾವ ಕೆಲಸಕ್ಕೆ ತಕ್ಕವರು ಎಂದು ಅವರಿಗೆ ಗೊತ್ತಿತ್ತು, ಅಷ್ಟೆ. ಅವರು ಈಜು ಕಲಿಸಲು ಹೊರಟವರೇ ಅಲ್ಲ.

ಹಾಗಾದರೆ ಮಾಡಿದ್ದೇನು ಅಂತ ಕೇಳುತ್ತೀರಿ. ಅದಕ್ಕೆ ಆ ಕಾಲದ ಪರಿಸ್ಥಿತಿ ಸ್ವಲ್ಪ ಗೊತ್ತಿರಬೇಕು. ಅವರು 1897ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದರು. ತಂದೆಗೆ ಮುದ್ರಣಾಲಯ ಇತ್ತು. ಮನೆಯಲ್ಲಿ ಯಹೂದಿ ಆಚರಣೆ ಕಡಿಮೆ, ಕ್ರಿಸ್‌ಮಸ್ ಮರ ಮಾತ್ರ ಇರುತ್ತಿತ್ತು. ಹುಡುಗ ತಾನಾಗಿ ಹೀಬ್ರೂ ಕಲಿಯಲು ಹೊರಟ. ಮೊದಲ ಮಹಾಯುದ್ಧವನ್ನೂ ವಿರೋಧಿಸಿದ. 1917ರಲ್ಲಿ ತಂದೆ ಸಿಟ್ಟಾಗಿ ಮನೆಯಿಂದ ಹೊರಗೆ ಹಾಕಿದರು.

ಆಗಿನ ಜರ್ಮನಿಯ ಯಹೂದಿ ವಿದ್ವಾಂಸರಿಗೆ ಕಬ್ಬಾಲಾ ಎಂದರೆ ಮುಜುಗರ. ತಮ್ಮ ಧರ್ಮ ವಿಚಾರವಂತರ ಧರ್ಮ ಎಂದು ತೋರಿಸುವ ಆಸೆ ಅವರಿಗೆ. 19ನೇ ಶತಮಾನದ ದೊಡ್ಡ ಇತಿಹಾಸಕಾರ ಹೈನ್‌ರಿಖ್ ಗ್ರೆಟ್ಸ್ ಕಬ್ಬಾಲಾದ ಮುಖ್ಯ ಗ್ರಂಥ ಜೋಹರ್ ಅನ್ನು ಸುಳ್ಳಿನ ಕಂತೆ ಎಂದು ತಳ್ಳಿಹಾಕಿದ್ದರು. ಬರ್ಲಿನ್‌ನಲ್ಲಿ ಫಿಲಿಪ್ ಬ್ಲಾಖ್ ಎಂಬ ವಯಸ್ಸಾದ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಇದ್ದರು. ಕಬ್ಬಾಲಾ ಪಂಡಿತರೆಂದು ಅವರಿಗೆ ಹೆಸರು, ಮನೆ ತುಂಬ ಅದೇ ಪುಸ್ತಕ. ಇಷ್ಟನ್ನೂ ಓದಿದ್ದೀರಲ್ಲ ಎಂದು ಶೋಲೆಮ್ ಸಂತೋಷಪಟ್ಟರೆ, ಈ ಕಸವನ್ನು ಓದಲೂ ಬೇಕೇ ಎನ್ನುವ ಅರ್ಥದಲ್ಲಿ ಮುದುಕರು ಉತ್ತರ ಕೊಟ್ಟರಂತೆ. ಶೋಲೆಮ್ ತಮ್ಮ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ಸಾಧಕರು ಪ್ರಶ್ನೆ ಬೇಡ ಎನ್ನುತ್ತಿದ್ದರು, ಪಂಡಿತರು ಓದುವುದೇ ಬೇಡ ಎನ್ನುತ್ತಿದ್ದರು. ನಡುವೆ ನೂರಾರು ಹಸ್ತಪ್ರತಿಗಳು ಗ್ರಂಥಾಲಯಗಳಲ್ಲಿ ಯಾರೂ ಮುಟ್ಟದೆ ಬಿದ್ದಿದ್ದವು.

ಅವರು ಬರ್ಲಿನ್, ಯೇನಾ, ಬರ್ನ್‌ಗಳಲ್ಲಿ ಗಣಿತ, ತತ್ವಶಾಸ್ತ್ರ ಓದುತ್ತಿದ್ದವರು. 1919ರಲ್ಲಿ ಮ್ಯೂನಿಖ್‌ಗೆ ಹೋದದ್ದೇ ಅಲ್ಲಿನ ಕಬ್ಬಾಲಾ ಹಸ್ತಪ್ರತಿಗಳಿಗಾಗಿ. ಬಾಹಿರ್ ಎಂಬ ಹಳೆಯ, ತೀರಾ ಕಗ್ಗಂಟಿನ ಗ್ರಂಥವನ್ನು ಜರ್ಮನ್‌ಗೆ ತಂದು, ಟಿಪ್ಪಣಿ ಬರೆದು ಡಾಕ್ಟರೇಟ್ ಪಡೆದರು. 1923ರಲ್ಲಿ ಜೆರುಸಲೇಮಿಗೆ ಹೊರಟರು. ಅಲ್ಲಿ ಗಣಿತದ ಮೇಷ್ಟ್ರ ಕೆಲಸವೂ ಸಿಗುವುದಿತ್ತು. ಸಂಬಳ ಕಡಿಮೆಯಾದರೂ ಪರವಾಗಿಲ್ಲ ಅಂತ ಗ್ರಂಥಾಲಯದ ಕೆಲಸ ಹಿಡಿದರು. ಹೀಬ್ರೂ ವಿಶ್ವವಿದ್ಯಾಲಯ 1925ರಲ್ಲಿ ಶುರುವಾಯಿತು. ಅಲ್ಲಿ ಉಪನ್ಯಾಸಕರಾದರು, 1933ರಲ್ಲಿ ಪ್ರೊಫೆಸರ್ ಆದರು, 1965ರಲ್ಲಿ ನಿವೃತ್ತರಾದರು. ನೀವು ಹೇಳುವ ಕುರ್ಚಿಯ ಕಥೆ ಇಷ್ಟು. ಆ ಕುರ್ಚಿಯಲ್ಲಿ ಕೂತು ಮಾಡಿದ ಒಂದೇ ಒಂದು ಕೆಲಸವನ್ನು ವಿವರವಾಗಿ ಹೇಳುತ್ತೇನೆ.

ಜೋಹರ್ ಅರಾಮಿಕ್ ಎಂಬ, ಹೀಬ್ರೂಗೆ ಹತ್ತಿರದ ಪ್ರಾಚೀನ ಭಾಷೆಯಲ್ಲಿದೆ. ಅದು 2ನೇ ಶತಮಾನದ ಋಷಿ ಶಿಮೋನ್ ಬಾರ್ ಯೋಹಾಯ್ ಮತ್ತು ಶಿಷ್ಯರ ಮಾತು ಎಂಬುದು ಭಕ್ತರ ನಂಬಿಕೆ. ಆದರೆ ಅದು ಜನರ ಕೈಗೆ ಬಂದದ್ದು 13ನೇ ಶತಮಾನದ ಕೊನೆಗೆ, ಸ್ಪೇನಿನ ಕಸ್ತೀಲ್ ಪ್ರಾಂತ್ಯದಲ್ಲಿ, ಮೋಶೆ ದೆ ಲಿಯೋನ್ ಎಂಬವರ ಮೂಲಕ. ಅವರು 1305ರಲ್ಲಿ ತೀರಿಕೊಂಡರು. ಶ್ರೀಮಂತರೊಬ್ಬರು ಜೋಹರ್‌ನ ಮೂಲ ಪ್ರತಿ ಕೊಟ್ಟರೆ ಮೋಶೆಯವರ ಬಡ ಕುಟುಂಬದ ಮಗಳನ್ನು ತಮ್ಮ ಸೊಸೆ ಮಾಡಿಕೊಳ್ಳುವುದಾಗಿ ಹೇಳಿ ಕಳಿಸಿದರಂತೆ. ಮೂಲ ಪ್ರತಿ ಅಂತ ಏನೂ ಇಲ್ಲ, ನನ್ನ ಗಂಡ ತಲೆಯಿಂದಲೇ ಬರೆಯುತ್ತಿದ್ದರು ಎಂದಳಂತೆ ವಿಧವೆ. ಆಗ ಸ್ಪೇನಿಗೆ ಬಂದಿದ್ದ ಅಕ್ರೆಯ ಐಸಾಕ್ ಎಂಬ ಕಬ್ಬಾಲಾ ಸಾಧಕ ಇದನ್ನು ಕೇಳಿ ಬರೆದಿಟ್ಟರು. ಗ್ರೆಟ್ಸ್ ಈ ಕಥೆ ಹಿಡಿದೇ ತೀರ್ಪು ಕೊಟ್ಟಿದ್ದು.

ಶೋಲೆಮ್‌ಗೆ ಗ್ರೆಟ್ಸ್‌ರ ತಾತ್ಸಾರ ಕಂಡರೆ ಆಗದು. ಅದಕ್ಕೇ 1925ರ ಮೊದಲ ಉಪನ್ಯಾಸಕ್ಕೆ ಇದನ್ನೇ ಎತ್ತಿಕೊಂಡರು: ಜೋಹರ್ ಬರೆದದ್ದು ಮೋಶೆ ದೆ ಲಿಯೋನ್ ಅವರೇ? ಹಾಗೆ ಹೇಳಲು ಆಧಾರ ಸಾಲದು, ಹಳೆಯ ಪದರಗಳು ಇರಬಹುದು ಎಂಬ ಕಡೆಗೆ ವಾಲಿದರು. ಆಮೇಲೆ ವರ್ಷಗಟ್ಟಲೆ ಒಂದೊಂದು ಪದ ಹಿಡಿದು ಕೂತರು. ತಮ್ಮ ಪ್ರತಿಯ ಪುಟಗಳ ನಡುವೆ ಖಾಲಿ ಹಾಳೆ ಸೇರಿಸಿ ಹೊಲಿಸಿ, ಅದರ ತುಂಬ ಟಿಪ್ಪಣಿ ಬರೆದರು.

ಏನು ಕಂಡಿತು ಗೊತ್ತೇ? ಆ ಅರಾಮಿಕ್ ಯಾವ ಊರಿನ ಜನರೂ ಆಡಿದ ಅರಾಮಿಕ್ ಅಲ್ಲ, ಪುಸ್ತಕ ಓದಿ ಕಲಿತದ್ದು. ವಾಕ್ಯದ ಕೆಳಗೆ ಮಧ್ಯಯುಗದ ಹೀಬ್ರೂ ಇಣುಕುತ್ತದೆ. ತತ್ವಶಾಸ್ತ್ರವನ್ನು ಹೀಬ್ರೂಗೆ ತಂದ ಮಧ್ಯಯುಗದ ಅನುವಾದಕರು ಹುಟ್ಟಿಸಿದ ಪದಗಳು ಅರಾಮಿಕ್ ವೇಷದಲ್ಲಿ ಬರುತ್ತವೆ. ಇನ್ನೊಂದು ಚಿಕ್ಕ ತಪ್ಪು ನೋಡಿ. ಕಪದೋಕ್ಯ ಎಂಬುದು ಇಂದಿನ ಟರ್ಕಿಯಲ್ಲಿದ್ದ ಒಂದು ಪ್ರಾಂತ್ಯ. ಜೋಹರ್‌ನಲ್ಲಿ ಅದು ಗಲಿಲಾಯದ ಒಂದು ಹಳ್ಳಿ! ಗಲಿಲಾಯದಲ್ಲೇ ಬದುಕಿದ ಶಿಮೋನ್‌ರಂಥ ಋಷಿಗಳು ಹೀಗೆ ಬರೆಯುವುದುಂಟೆ? ಹಳೆಯ ಗ್ರಂಥವೊಂದರಲ್ಲಿ ಆ ಹೆಸರು ಓದಿ, ದೂರದ ಸ್ಪೇನಿನಲ್ಲಿ ಕೂತು ಕಲ್ಪಿಸಿಕೊಂಡವರು ಮಾತ್ರ ಹೀಗೆ ಬರೆದಾರು.

1938ರಲ್ಲಿ ನ್ಯೂಯಾರ್ಕಿನ ಉಪನ್ಯಾಸಗಳಲ್ಲಿ ಶೋಲೆಮ್ ತೀರ್ಮಾನ ಹೇಳಿದರು: ಮುಖ್ಯ ಭಾಗವೆಲ್ಲ ಮೋಶೆ ದೆ ಲಿಯೋನ್ ಅವರದೇ. ತಾವು ಸೋಲಿಸಲು ಹೊರಟಿದ್ದ ಗ್ರೆಟ್ಸ್ ಕಡೆಗೇ ಸಾಕ್ಷಿ ಹೇಳಿದರು. ಆದರೆ ಗ್ರೆಟ್ಸ್‌ರ ತಿರಸ್ಕಾರ ಅವರಲ್ಲಿಲ್ಲ. ಹಳೆಯ ಋಷಿಯ ಹೆಸರಲ್ಲಿ ಬರೆದಿದ್ದು ಮೋಸವಲ್ಲ, ಇಂಥ ಕಲ್ಪನೆ ಇರುವ ಗ್ರಂಥ ಅಪರೂಪ ಎಂದು ತೋರಿಸಿಕೊಟ್ಟರು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಇಲ್ಲೇ. ಆ ಉಪನ್ಯಾಸಗಳು 1941ರಲ್ಲಿ ಪುಸ್ತಕವಾದವು. ಹಿಂದಿನ ವರ್ಷ ಫ್ರಾನ್ಸ್ ಗಡಿ ದಾಟಿ ಸ್ಪೇನಿನಲ್ಲಿ ಸಿಕ್ಕಿಬಿದ್ದು ಪ್ರಾಣ ಕಳೆದುಕೊಂಡ ಗೆಳೆಯ, ಚಿಂತಕ ವಾಲ್ಟರ್ ಬೆಂಜಮಿನ್‌ರ ನೆನಪಿಗೆ ಅದನ್ನು ಅರ್ಪಿಸಿದರು.

ಕುರ್ಚಿ ಬಿಟ್ಟು ಏಳಲಿಲ್ಲ ಎನ್ನುವ ಹಾಗೂ ಇಲ್ಲ. ನಾಜಿಗಳು ಯೂರೋಪಿನ ಯಹೂದಿಗಳ ಪುಸ್ತಕಗಳನ್ನು ರಾಶಿ ರಾಶಿ ದೋಚಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಫ್ರಾಂಕ್‌ಫರ್ಟ್ ಬಳಿಯ ಆಫನ್‌ಬಾಖ್‌ನಲ್ಲಿ ಅವನ್ನು ಕೂಡಿಹಾಕಿತ್ತು. 1946ರಲ್ಲಿ ವಿಶ್ವವಿದ್ಯಾಲಯ ಶೋಲೆಮ್ ಅವರನ್ನು ಅಲ್ಲಿಗೆ ಕಳಿಸಿತು. ಲಕ್ಷಗಟ್ಟಲೆ ಪುಸ್ತಕ, ಓದುತ್ತಿದ್ದವರಲ್ಲಿ ಹೆಚ್ಚಿನವರು ಸತ್ತಿದ್ದರು. ಶೋಲೆಮ್‌ರ ಸ್ವಂತ ಅಣ್ಣ ವೆರ್ನರ್‌ನನ್ನು ಬೂಖನ್‌ವಾಲ್ಡ್ ಶಿಬಿರದಲ್ಲಿ ಕೊಂದು ಆರು ವರ್ಷವಾಗಿತ್ತು. ಆ ರಾಶಿಗಳ ನಡುವೆ ನಿಂತು ಹಸ್ತಪ್ರತಿ ಹುಡುಕಿದವರನ್ನು ಸುಮ್ನೆ ಪಾಠ ಹೇಳಿ ಸಂಬಳ ಎಣಿಸಿದ ಮೇಷ್ಟ್ರು ಅಂತ ನನ್ನಿಂದ ಹೇಳಲಾಗದು.

ಇನ್ನು ನಿಮ್ಮ ಮಾತಿನಲ್ಲಿ ಇರುವ ನಿಜ. ಅದು ಶೋಲೆಮ್‌ಗೂ ಕಾಡಿತ್ತು. 1937ರಲ್ಲಿ ಪ್ರಕಾಶಕ ಸಾಲ್ಮನ್ ಶೋಕೆನ್‌ಗೆ ಬರೆದ ಪತ್ರದಲ್ಲಿ ಅವರು ಮನಸ್ಸು ಬಿಚ್ಚಿದ್ದಾರೆ. ತಮಗೆ ಮೊದಲು ಬೇಕಿದ್ದದ್ದು ಕಬ್ಬಾಲಾದ ಇತಿಹಾಸವಲ್ಲ, ಅದರೊಳಗಿನ ತತ್ವ ಎನ್ನುತ್ತಾರೆ. ಪ್ರೊಫೆಸರ್‌ಗಿರಿಯಲ್ಲೇ ಸತ್ತುಹೋಗುವ ಅಪಾಯವಿದೆ ಎಂದೂ ಒಪ್ಪುತ್ತಾರೆ. ಆದರೂ ಇತಿಹಾಸದ ಮಂಜನ್ನು ದಾಟದೆ ಆ ತತ್ವದ ಬೆಟ್ಟ ಸಿಗದು ಎಂಬ ನಂಬಿಕೆ ಅವರದು.

ಅವರ ನಂತರ ಬಂದವರು ನಿಮ್ಮ ಆಕ್ಷೇಪವನ್ನೇ ವಿದ್ವತ್ತಿನೊಳಗೆ ತಂದರು. ರುಮೇನಿಯಾದಲ್ಲಿ ಹುಟ್ಟಿ, 1963ರಲ್ಲಿ ಇಸ್ರೇಲಿಗೆ ಬಂದ ಮೋಶೆ ಇಡೆಲ್ 1988ರ ಪುಸ್ತಕದಲ್ಲಿ ಇದನ್ನು ನೇರವಾಗಿ ಹೇಳಿದರು: ಶೋಲೆಮ್ ಪರಂಪರೆ ಗ್ರಂಥಗಳಿಗೇ ಅಂಟಿಕೊಂಡಿತು, ಸಾಧನೆಯ ಕ್ರಮಗಳನ್ನು, ಇಂದಿಗೂ ಬದುಕಿರುವ ಸಾಧಕರನ್ನು ಸಾಕಷ್ಟು ನೋಡಲಿಲ್ಲ. ಇಡೆಲ್ ಸ್ವತಃ 13ನೇ ಶತಮಾನದ ಅಬ್ರಹಾಂ ಅಬುಲಾಫಿಯಾನನ್ನು ಓದಿದವರು. ಅಕ್ಷರಗಳನ್ನು ಜೋಡಿಸುತ್ತ, ಉಸಿರನ್ನು ಹಿಡಿಯುತ್ತ ಮಾಡುವ ಅವನ ಧ್ಯಾನ ಹೇಗಿತ್ತೆಂದು ಹಂತಹಂತವಾಗಿ ಬಿಡಿಸಿಟ್ಟರು. ಜೋಹರ್ ವಿಷಯದಲ್ಲೂ ಶೋಲೆಮ್ ಮಾತೇ ಕೊನೆಯಲ್ಲ. ಒಬ್ಬರಲ್ಲ, ಒಂದು ಗುಂಪೇ ಸೇರಿ ಬರೆದಿರಬೇಕು ಎಂದು ಯೆಹೂದಾ ಲೀಬೆಸ್ ವಾದಿಸಿದರು. ಇದನ್ನೆಲ್ಲ ನಾನು ಶೋಲೆಮ್‌ರ ಸೋಲು ಅಂದುಕೊಂಡಿಲ್ಲ. ಅವರು ಹಸ್ತಪ್ರತಿಗಳನ್ನು ಗುರುತಿಸಿ, ಕಾಲ ಹೇಳಿ ಇಡದಿದ್ದರೆ ಜಗಳಕ್ಕೆ ಆಧಾರವೇ ಇರುತ್ತಿರಲಿಲ್ಲ ಅಲ್ವಾ?

ಮಗಳ ವಿಷಯ. ದಯವಿಟ್ಟು ತಡೆಯಬೇಡಿ. ಆದರೆ ಕೆಲಸ ಎಷ್ಟು ಕಷ್ಟದ್ದೆಂದು ಈಗಲೇ ತಿಳಿಯಲಿ. ಮೊದಲು ಹೀಬ್ರೂ, ಆಮೇಲೆ ಅರಾಮಿಕ್. ಹಳೆಯ ಸಂಶೋಧನೆ ಓದಲು ಜರ್ಮನ್ ಬಂದರೆ ಒಳ್ಳೆಯದು. ಅನುವಾದ ನಂಬಿಕೊಂಡು ಈ ಕ್ಷೇತ್ರದಲ್ಲಿ ನಿಲ್ಲಲಾಗದು. ಅವಳಿಗೆ ಒಂದು ಅನುಕೂಲವೂ ಇದೆ. ಶೋಲೆಮ್ ಊರೂರು ಅಲೆದು ನೋಡಿದ ಹಸ್ತಪ್ರತಿಗಳಲ್ಲಿ ಬಹಳಷ್ಟು ಈಗ ಇಸ್ರೇಲ್ ರಾಷ್ಟ್ರೀಯ ಗ್ರಂಥಾಲಯದ ಕ್ತಿವ್ ಎಂಬ ಜಾಲತಾಣದಲ್ಲಿ ಚಿತ್ರ ರೂಪದಲ್ಲಿ ಸಿಗುತ್ತವೆ, ಮನೆಯಲ್ಲೇ ಕೂತು ನೋಡಬಹುದು. ಹೀಬ್ರೂವಿನ 22 ಅಕ್ಷರ ಕಲಿತ ಮೇಲೆ ಒಂದು ಪುಟ ತೆರೆದು, ಒಂದು ಸಾಲು ಬಿಡಿಸಿ ಓದಲು ಕೂರಲಿ. ಮರುದಿನವೂ ಅದೇ ಪುಟಕ್ಕೆ ಮರಳುತ್ತಾಳೋ ನೋಡಿ. ಮರಳಿದರೆ ನಮಗೆ ಬರೆಯಿರಿ. ಮುಂದೆ ಏನು ಓದಬೇಕು ಎಂಬ ಪಟ್ಟಿಯನ್ನು ನಾನೇ ಅವಳಿಗೆ ಕಳಿಸುತ್ತೇನೆ.

ಸಂಪಾದಕ