ಐವತ್ತರ ನೋಟು: ಕಣ್ಣಿಗೆ ಹಂಪಿ, ಕೈಗೆ ಏನು?

ಹೊಸಪೇಟೆಯ ಓದುಗರೊಬ್ಬರ ಪತ್ರ: "ಐವತ್ತರ ನೋಟಿನ ಮೇಲೆ ನಮ್ಮ ಹಂಪಿಯ ಕಲ್ಲಿನ ರಥ ಬಂದು ಎಷ್ಟೋ ವರ್ಷವಾಯಿತು. ಜನ ಮಾತ್ರ ಹೆಮ್ಮೆಪಡುವುದು ಬಿಟ್ಟು, ನೋಟು ಚಿಕ್ಕದಾಯಿತು ಎಂದು ಇನ್ನೂ ಗೊಣಗುತ್ತಾರೆ. ನೀವೇನು ಹೇಳುತ್ತೀರಿ?"

ಸಂಪಾದಕರ ಉತ್ತರ:

ರಥದ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. 2017ರ ಆಗಸ್ಟ್‌ನಲ್ಲಿ ಆ ನೀಲಿ ನೋಟು ಬಂದಾಗ ನಾನೂ ತಿರುಗಿಸಿ ತಿರುಗಿಸಿ ನೋಡಿದ್ದೆ. ಮೊದಲು ಆ ಜಾಗದಲ್ಲಿ ಸಂಸತ್ ಭವನ ಇತ್ತು. ನನ್ನನ್ನು ಕೇಳಿದರೆ ವಿಠ್ಠಲ ದೇವಸ್ಥಾನದ ಅಂಗಳವೇ ಚೆಂದ. ಅಲ್ಲಿರುವ ಆ ರಥ ಅಸಲಿಗೆ ಗರುಡನ ಗುಡಿ ಎಂಬುದು ಹೊಸಪೇಟೆಯವರಿಗೆ ಹೇಳಬೇಕಿಲ್ಲ. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆಯ ಗೋಪುರವೂ ಕಾಣುತ್ತದೆ. ನೋಟಿನಲ್ಲಿರುವುದು ಆ ಗೋಪುರ ಹೋದ ಮೇಲಿನ ರಥ. ಇರಲಿ, ಹೆಮ್ಮೆಪಡೋಣ.

ಆದರೆ "ಚಿಕ್ಕದಾಯಿತು" ಎಂದವರನ್ನು ಸುಮ್ನೆ ತಳ್ಳಿಹಾಕಿದಿರಲ್ಲ, ಅಲ್ಲಿ ಅವಸರಪಟ್ಟಿರಿ. ನೀವು ನೋಟನ್ನು ನೋಡುತ್ತೀರಿ. ಅದನ್ನು ಮುಟ್ಟಿ ಓದುವವರೂ ಇದ್ದಾರೆ.

ಹಳೆಯ ಸರಣಿಯಲ್ಲಿ ಐವತ್ತರ ಉದ್ದ 147 ಮಿ.ಮೀ., ನೂರರದು 157, ಐನೂರರದು 167. ಕಣ್ಣು ಕಾಣದವರು ನೋಟನ್ನು ಬೆರಳ ಮೇಲೆ ಮಡಚಿ ಲೆಕ್ಕ ಹಿಡಿಯುತ್ತಿದ್ದರು. ಜೊತೆಗೆ ಐವತ್ತರ ಮೇಲೆ ಕೈಗೆ ಸಿಗುವ ಉಬ್ಬು ಚೌಕವೊಂದಿತ್ತು. ಈಗ ಐವತ್ತು 135, ನೂರು 142, ಇನ್ನೂರು 146, ಐನೂರು 150. ಅಗಲ ಎಲ್ಲಕ್ಕೂ 66. ನೂರಕ್ಕೂ ಇನ್ನೂರಕ್ಕೂ ನಡುವೆ ಒಂದು ಅಕ್ಕಿಕಾಳಿನಷ್ಟೂ ವ್ಯತ್ಯಾಸವಿಲ್ಲ! ನೂರು ಮತ್ತು ಅದಕ್ಕಿಂತ ದೊಡ್ಡ ನೋಟುಗಳಿಗೆ ಉಬ್ಬು ಗುರುತು ಉಳಿಸಿದ್ದಾರೆ, ನಿಜ. ಆದರೆ ಕೈ ಬದಲಾದಂತೆ ಅದು ಸವೆಯುತ್ತದೆ. ಐವತ್ತಕ್ಕೆ ಅದೂ ಇಲ್ಲ. ಚೌಕ ಹೋಯಿತು, ರಥ ಬಂತು.

ಬಸ್ ನಿಲ್ದಾಣದಲ್ಲಿ ಊದುಬತ್ತಿ ಮಾರುವ ಅಂಧರೊಬ್ಬರು ನನಗೆ ಪರಿಚಯ. ಹಳೆಯ ನೋಟಾದರೆ ಮಾತಾಡುತ್ತಲೇ ಚಿಲ್ಲರೆ ಕೊಡುತ್ತಿದ್ದರು. ಈಗ ಪಕ್ಕದ ಹೂವಿನವಳನ್ನು ಕೂಗುತ್ತಾರೆ. "ನಾಲ್ಕು ಮಿಲಿಮೀಟರ್ ಅಳೆಯೋಕೆ ನನ್ನ ಬೆರಳೇನು ಸ್ಕೇಲಾ ಸಾರ್?" ಎಂದು ಒಮ್ಮೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊಸ ನೋಟುಗಳ ಈ ತಕರಾರು ಬಾಂಬೆ ಹೈಕೋರ್ಟ್‌ವರೆಗೂ ಹೋಯಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 'ಮಣಿ' ಎಂಬ ಆ್ಯಪ್ ತಂದಿತು. ಫೋನಿನ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಬೆಲೆ ಹೇಳುತ್ತದೆ. ಒಳ್ಳೆಯದೇ. ಆದರೆ ಒಂದು ಕೈಯಲ್ಲಿ ಊದುಬತ್ತಿ ಕಟ್ಟು, ಇನ್ನೊಂದರಲ್ಲಿ ನೋಟು. ಫೋನು ಹಿಡಿಯುವುದು ಯಾವ ಕೈಯಲ್ಲಿ? ಆಸ್ಟ್ರೇಲಿಯಾದಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಹಟ ಹಿಡಿದು ಅರ್ಜಿ ಹಾಕಿದ. 2016ರಲ್ಲಿ ಅಲ್ಲಿನ ಐದು ಡಾಲರ್ ನೋಟಿಗೆ ಉಬ್ಬು ಗುರುತು ಬಂತು.

ನಮ್ಮಲ್ಲಿ ಎಲ್ಲವೂ ಹೀಗೇ. ಲಿಫ್ಟಿನ ಗುಂಡಿ ತೆಗೆದು ನುಣ್ಣಗಿನ ಗಾಜು ಹಾಕುತ್ತಾರೆ. ಫುಟ್‌ಪಾತಿನಲ್ಲಿ ಅಂಧರಿಗೆಂದು ಹಾಕಿದ ಹಳದಿ ಪಟ್ಟಿ ನೇರ ವಿದ್ಯುತ್ ಕಂಬಕ್ಕೆ ಹೋಗಿ ನಿಲ್ಲುತ್ತದೆ. ಉದ್ಘಾಟನೆಯ ದಿನ ಫೋಟೋ ಚೆನ್ನಾಗಿ ಬಂದರೆ ಸಾಕು ಎಂಬ ಧೋರಣೆ. ಅಂದಹಾಗೆ, ಈಗ ಆ ಊದುಬತ್ತಿಯವರ ಬುಟ್ಟಿಯಲ್ಲಿ ಹಣ ಬಂದಾಗ ಕೂಗಿ ಹೇಳುವ ಕ್ಯೂಆರ್ ಡಬ್ಬಿ ಇದೆ. ನೋಟು ಕೊಡಲು ಹೋದರೆ, "ಫೋನ್‌ಪೇ ಮಾಡಿ ಸಾರ್" ಎನ್ನುತ್ತಾರೆ.